ಭದ್ರಾ ಅಚ್ಚುಕಟ್ಟಲ್ಲಿ ಗದ್ದೆ ತೋಟ ಆಗಿರೋದು ಉಪಗ್ರಹಕ್ಕೆ ಕಾಣ್ತಿದೆ, ನೀರಿನ ಲೆಕ್ಕಕ್ಕೆ ಯಾವಾಗ ಬರುತ್ತೆ?

ಲಕ್ಕವಳ್ಳಿ ಹತ್ರ ಇರೋ ಭದ್ರಾ ಡ್ಯಾಮಿನ ಅಚ್ಚುಕಟ್ಟು ದಾಖಲೆ ಪ್ರಕಾರ 1,05,570 ಹೆಕ್ಟೇರ್. ಅರವತ್ತರ ದಶಕದಲ್ಲಿ ಡ್ಯಾಮ್ ಮುಗಿದು ನಾಲೆ ನೀರು ಬಂದ ಮೇಲೆ ಶಿವಮೊಗ್ಗ, ಭದ್ರಾವತಿ, ಚನ್ನಗಿರಿ, ಹೊನ್ನಾಳಿ, ದಾವಣಗೆರೆ, ಹರಿಹರ ಈ ಕಡೆಯೆಲ್ಲ ಭತ್ತದ ನಾಡಾಗಿ ಬೆಳೀತು, ದಾವಣಗೆರೆ ಅಕ್ಕಿ ಮಿಲ್ಲುಗಳು ಇದರ ಮೇಲೇ ನಿಂತವು. ಈಗ ಅದೇ ನಾಲೆ ಏರಿ ಮೇಲೆ ಬೈಕಲ್ಲಿ ಹೋದ್ರೆ ಎರಡೂ ಕಡೆ ಅಡಿಕೆ. ನಾಲೆ ತಲೆಭಾಗದಲ್ಲಿ ದೊಡ್ಡ ತೋಟಗಳು, ಸ್ವಲ್ಪ ಕೆಳಗೆ ಬಂದ್ರೆ ಎರಡು ವರ್ಷದ ಸಸಿ, ಇನ್ನೂ ಕೆಳಗೆ ಬಂದ್ರೆ ಗದ್ದೆಗೆ ಮಣ್ಣು ಹೊಡೆಸಿ ಜೆಸಿಬಿಯಲ್ಲಿ ಬಸಿಗಾಲುವೆ ತೆಗೀತಿರೋರು. ಕೊನೆಭಾಗಕ್ಕೆ ಹೋದ್ರೆ ಇನ್ನೂ ಭತ್ತ ಇದೆ, ಆದ್ರೆ ನೀರು ಬಂದ್ರೆ ಮಾತ್ರ.

ಇದು ಭದ್ರಾ ಅಚ್ಚುಕಟ್ಟಿನ ಕಥೆ ಒಂದೇ ಅಲ್ಲ, ಸರ್ಕಾರಿ ಅಂಕಿಅಂಶದಲ್ಲೇ ರಾಜ್ಯದ ಅಡಿಕೆ ವಿಸ್ತೀರ್ಣ ಹತ್ತು ಹದಿನೈದು ವರ್ಷದಲ್ಲಿ ಎರಡು ಪಟ್ಟು ಮೀರಿದೆ. ಆದ್ರೆ ನಾನು ಭದ್ರಾನೇ ಹಿಡ್ಕೊಂಡು ಬರೀತೀನಿ, ಯಾಕಂದ್ರೆ ಇಲ್ಲಿ ಬೆಳೆ ಬದಲಾದ್ರೆ ಬದಲಾದವನ ಜಮೀನಿನ ವಿಷಯ ಮಾತ್ರ ಆಗಿ ಉಳಿಯಲ್ಲ, ಒಂದೇ ಡ್ಯಾಮು, ಒಂದೇ ನಾಲೆ, ಮೇಲಿನವನು ಏನು ಬೆಳೀತಾನೆ ಅನ್ನೋದರ ಮೇಲೆ ಕೆಳಗಿನವನ ಬೆಳೆ ನಿಂತಿದೆ. ಹಾಗಿದ್ದಾಗ ಯಾವ ವಿತರಣಾ ನಾಲೆ ಕೆಳಗೆ ಎಷ್ಟು ಗದ್ದೆ ಉಳಿದಿದೆ, ಎಷ್ಟು ತೋಟ ಆಗಿದೆ, ಯಾವ ವರ್ಷ ಆಯ್ತು ಅನ್ನೋದು ಎಲ್ಲರಿಗೂ ಗೊತ್ತಿರಬೇಕಿತ್ತು. ಉಪಗ್ರಹ ಚಿತ್ರ ಇಟ್ಕೊಂಡು ಇದನ್ನ ಸುಮಾರು ಖಚಿತವಾಗಿ ಹೇಳಬಹುದು, ಚಿತ್ರಗಳು ಪುಕ್ಕಟೆ ಸಿಗ್ತವೆ, ಹತ್ತು ವರ್ಷದಿಂದ ಸಿಗ್ತಿವೆ.

ಮೊದ್ಲು ಜನ ಯಾಕೆ ಬದಲಾಯಿಸ್ತಿದ್ದಾರೆ ಅನ್ನೋದು ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನದೆಲ್ಲ ರೈತರ ಮೇಲೆ ದೂರು ಹೇಳಿದಂಗೆ ಕಾಣುತ್ತೆ. ಭತ್ತಕ್ಕೆ ನಾಟಿಗೆ ಆಳು ಸಿಗಲ್ಲ, ಸಿಕ್ಕಿದ್ರೂ ಕೂಲಿ ಕೊಟ್ಟು ಗೊಬ್ಬರ ಹಾಕಿ ಕೊಯ್ಲಿನ ಮಷಿನ್ ಬಾಡಿಗೆ ಕೊಟ್ಟು ಉಳಿಯೋದು ಅಷ್ಟಕ್ಕಷ್ಟೆ. ರಾಶಿ ಅನ್ನೋ ಬೇಯಿಸಿ ಒಣಗಿಸಿದ ಅಡಿಕೆ ಈಚಿನ ವರ್ಷಗಳಲ್ಲಿ ಕ್ವಿಂಟಲ್ಲಿಗೆ 40 ಸಾವಿರ ದಾಟಿ ಓಡಾಡಿದೆ. ಅದಕ್ಕಿಂತ ದೊಡ್ಡ ಕಾರಣ ಚೇಣಿ. ತೋಟ ಫಸಲಿಗೆ ಬಂದ ಮೇಲೆ ಚೇಣಿದಾರ ಬಂದು ನೋಡಿ, ರೇಟು ಮಾತಾಡಿ, ಅವನೇ ಕೊನೆ ಇಳಿಸಿ ತಗೊಂಡು ಹೋಗ್ತಾನೆ, ಸುಲಿಯೋದು ಬೇಯಿಸೋದು ಎಲ್ಲ ಅವನದೇ. ಮಕ್ಕಳು ಬೆಂಗಳೂರಲ್ಲಿದ್ದು ಊರಲ್ಲಿ ಅಪ್ಪ ಅಮ್ಮ ಇಬ್ರೇ ಇರೋ ಮನೆಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಯಾವುದಿದೆ? ಅವರನ್ನ ತಪ್ಪಿತಸ್ಥರು ಅನ್ನೋಕೆ ನಂಗೆ ಬಾಯಿ ಬರಲ್ಲ.

ಇನ್ನು ಉಪಗ್ರಹಕ್ಕೆ ಬರೋಣ. ಯುರೋಪಿನವರು 2015ರಲ್ಲಿ ಸೆಂಟಿನೆಲ್-2ಎ, 2017ರಲ್ಲಿ 2ಬಿ ಹಾರಿಸಿದ್ರು, 2025ರಿಂದ 2ಎ ಜಾಗದಲ್ಲಿ 2ಸಿ ಇದೆ, ಎರಡು ಉಪಗ್ರಹ ಸೇರಿ ನಮ್ಮ ತಲೆ ಮೇಲೆ ಐದು ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಹಾದು ಹೋಗೋ ಲೆಕ್ಕ. ಅದರ ಚಿತ್ರದ ಒಂದು ಚುಕ್ಕಿ, ಅಂದ್ರೆ ಒಂದು ಪಿಕ್ಸೆಲ್, ನೆಲದ ಮೇಲೆ 10 ಮೀಟರ್ ಉದ್ದ 10 ಮೀಟರ್ ಅಗಲ. 100 ಚದರ ಮೀಟರ್ ಅಂದ್ರೆ ಏನು ಗೊತ್ತಾ, ನಮ್ಮ ಒಂದು ಗುಂಟೆ! ಗುಂಟೆ 101 ಚದರ ಮೀಟರ್ ಚಿಲ್ಲರೆ. ಹಾಗಾಗಿ ಒಂದು ಎಕರೆ ಗದ್ದೆ ಅಂದ್ರೆ ಉಪಗ್ರಹಕ್ಕೆ ಸುಮಾರು 40 ಚುಕ್ಕಿ. ಪಹಣಿಯಲ್ಲಿ ಎಕರೆ ಗುಂಟೆ ಅಂತ ಬರೆದಿರೋದನ್ನ ಹೆಚ್ಚೂಕಮ್ಮಿ ಹಾಗೇ ಚುಕ್ಕಿ ಲೆಕ್ಕದಲ್ಲಿ ಓದಬಹುದು, ನಂಗಂತೂ ಇದು ಬಹಳ ಖುಷಿ ಕೊಟ್ಟ ವಿಷಯ.

ಬೇರೆ ಉಪಗ್ರಹಗಳನ್ನೂ ಇದೇ ಅಳತೆಯಲ್ಲಿ ನೋಡಿ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚುಕ್ಕಿ 30 ಮೀಟರ್, ಅಂದ್ರೆ ಒಂಬತ್ತು ಗುಂಟೆ. ನಮ್ಮ ಇಸ್ರೋ ರಿಸೋರ್ಸ್‌ಸ್ಯಾಟ್‌ನಲ್ಲಿರೋ ಲಿಸ್-3 ಕ್ಯಾಮೆರಾ 23.5 ಮೀಟರ್, ಐದೂವರೆ ಗುಂಟೆ. ಅದೇ ಉಪಗ್ರಹದ ಎವಿಫ್ಸ್ ಕ್ಯಾಮೆರಾ 56 ಮೀಟರ್, ಒಂದು ಚುಕ್ಕಿಗೇ ಮೂವತ್ತೊಂದು ಗುಂಟೆ, ಮುಕ್ಕಾಲು ಎಕರೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಅಂದ್ರೆ ಎನ್‌ಆರ್‌ಎಸ್‌ಸಿ 2004-05ರಿಂದ ದೇಶದ ಭೂಬಳಕೆ ನಕ್ಷೆಯನ್ನ ವರ್ಷವರ್ಷ ಮಾಡ್ತಾ ಬಂದಿರೋದು ಈ ಎವಿಫ್ಸ್ ಇಟ್ಕೊಂಡೇ. ದೇಶದ ಲೆಕ್ಕಕ್ಕೆ ಅದು ಒಳ್ಳೆ ಕೆಲಸ, ಆದ್ರೆ ನಮ್ಮಲ್ಲಿ ಅರ್ಧ ಎಕರೆ, ಮೂವತ್ತು ಗುಂಟೆ ಹಿಡುವಳಿಗಳು ಎಷ್ಟೊಂದು ಇದಾವೆ, ಒಂದು ಚುಕ್ಕಿ ಒಳಗೇ ಒಬ್ಬನ ಗದ್ದೆ ಇನ್ನೊಬ್ಬನ ತೋಟ ಮಧ್ಯದ ಬದು ಎಲ್ಲ ಕಲಸಿ ಹೋಗುತ್ತೆ. ಊರಿನ ಮಟ್ಟದ ಬದಲಾವಣೆ ನೋಡೋಕೆ ಹತ್ತು ಮೀಟರ್ ಬೇಕೇ ಬೇಕು.

ಹತ್ತು ಮೀಟರ್ ಚಿತ್ರದಲ್ಲೂ ಗದ್ದೆ ಹಸಿರು, ತೋಟ ಹಸಿರು, ಒಂದು ದಿನದ ಫೋಟೋ ನೋಡಿ ಎರಡನ್ನ ಬೇರೆ ಮಾಡೋದು ಕಷ್ಟ. ಇಲ್ಲೇ ಬಹಳ ಜನ ತಪ್ಪು ತಿಳ್ಕೊಳ್ಳೋದು, ಉಪಗ್ರಹ ಅಂದ್ರೆ ಮೇಲಿಂದ ತೆಗೆದ ಫೋಟೋ, ಜೂಮ್ ಮಾಡಿದ್ರೆ ಮರ ಕಾಣುತ್ತೆ ಅಂತ. ಕೆಲಸ ಮಾಡೋದು ವರ್ಷಪೂರ್ತಿ ಚಿತ್ರಗಳ ಸಾಲು. ಎಲೆ ಚೆನ್ನಾಗಿದ್ರೆ ಅದು ಕೆಂಪು ಬೆಳಕನ್ನ ಹೀರ್ಕೊಳ್ಳುತ್ತೆ, ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನ ಜೋರಾಗಿ ವಾಪಸ್ ಕಳಿಸುತ್ತೆ. ಇನ್ಫ್ರಾರೆಡ್‌ನಲ್ಲಿ ಕೆಂಪನ್ನ ಕಳೆದು, ಎರಡರ ಮೊತ್ತದಿಂದ ಭಾಗಿಸಿದ್ರೆ ಒಂದು ಸಂಖ್ಯೆ ಬರುತ್ತೆ, ಅದಕ್ಕೆ ಎನ್‌ಡಿವಿಐ ಅಂತಾರೆ. ನೀರು ನಿಂತಿದ್ರೆ ಸೊನ್ನೆ ಹತ್ರ ಅಥವಾ ಅದಕ್ಕಿಂತ ಕೆಳಗೆ, ಒಣ ಮಣ್ಣಿಗೆ 0.1, 0.2, ತುಂಬಿದ ಬೆಳೆಗೆ 0.7, 0.8. ಇಷ್ಟೇ ಗಣಿತ.

ಈಗ ಚನ್ನಗಿರಿ ಕಡೆ ನಾಲೆ ಕೆಳಗಿನ ಒಂದು ಎಕರೆ ಗದ್ದೆ ತಗೊಳಿ. ಆಗಸ್ಟಲ್ಲಿ ನೀರು ಕಟ್ಟಿ ನಾಟಿ ಮಾಡಿದಾಗ ಆ ನಲವತ್ತು ಚುಕ್ಕಿಯ ಸಂಖ್ಯೆ ನೆಲ ಕಚ್ಚಿರುತ್ತೆ. ಸೆಪ್ಟೆಂಬರಲ್ಲಿ ಏರೋಕೆ ಶುರು, ಅಕ್ಟೋಬರ್ ಹೊತ್ತಿಗೆ 0.8 ಮುಟ್ಟುತ್ತೆ, ತೆನೆ ಬಂದು ಹಣ್ಣಾಗ್ತಾ ಇಳಿಯುತ್ತೆ, ಡಿಸೆಂಬರಲ್ಲಿ ಕೊಯ್ಲಾಗಿ ಕೂಳೆ ಮಾತ್ರ ಉಳಿದಾಗ 0.2. ಜನವರಿಯಲ್ಲಿ ಬೇಸಿಗೆ ಬೆಳೆಗೆ ನೀರು ಬಿಟ್ರೆ ಮತ್ತೆ ಇದೇ ಪುನರಾವರ್ತನೆ, ಏಪ್ರಿಲ್ ಮೇ ಹೊತ್ತಿಗೆ ಎರಡನೇ ಇಳಿತ. ಗ್ರಾಫ್ ಹಾಕಿದ್ರೆ ವರ್ಷಕ್ಕೆ ಎರಡು ಗುಡ್ಡ. ಫಸಲಿಗೆ ಬಂದ ಅಡಿಕೆ ತೋಟದ ಗ್ರಾಫ್ ನೋಡಿ, ಗುಡ್ಡವೇ ಇಲ್ಲ, ಜನವರಿಗೂ ಒಂದೇ ಜುಲೈಗೂ ಒಂದೇ, 0.6ರಿಂದ 0.8ರ ಮಧ್ಯೆ ಸಣ್ಣದಾಗಿ ಅಲ್ಲಾಡ್ತಾ ಇರುತ್ತೆ. ಹಾಗಾದ್ರೆ ಗದ್ದೆ ತೋಟ ಆದ ಜಮೀನಿನ ಹತ್ತು ವರ್ಷದ ಗ್ರಾಫ್ ಹೇಗಿರುತ್ತೆ ಅಂದ್ರೆ, 2016, 17, 18 ಎರಡೆರಡು ಗುಡ್ಡ, ಆಮೇಲೆ ಒಂದು ವರ್ಷ ಮಣ್ಣು ಹೊಡೆದು ಕಾಲುವೆ ತೆಗೆದು ಸಸಿ ನೆಟ್ಟಾಗ ಬರೀ ನೆಲ, ಮುಂದಿನ ಮೂರು ನಾಲ್ಕು ವರ್ಷ ಮಧ್ಯದಲ್ಲಿ ಹಾಕಿದ ಬಾಳೆಯಿಂದಾಗಿ ಏರುಪೇರು, ಆಮೇಲೆ ನಿಧಾನಕ್ಕೆ ಸಪಾಟು. ಯಾವ ವರ್ಷ ಆ ಲಯ ಮುರೀತೋ ಅದೇ ಗದ್ದೆ ಬಿಟ್ಟ ವರ್ಷ. ಯಾರನ್ನೂ ಕೇಳಬೇಕಿಲ್ಲ, ಗ್ರಾಫ್ ಅಲ್ಲೇ ಹೇಳುತ್ತೆ.

ಇದನ್ನ ನೋಡೋಕೆ ಲ್ಯಾಬ್ ಬೇಕಿಲ್ಲ. ಕೋಪರ್ನಿಕಸ್ ಬ್ರೌಸರ್ ಅಂತ ವೆಬ್‌ಸೈಟ್ ಇದೆ, ಅಕೌಂಟ್ ಪುಕ್ಕಟೆ, ಅದರಲ್ಲಿ ನಿಮ್ಮ ಜಮೀನಿನ ಸುತ್ತ ಗೆರೆ ಎಳೆದು ಎನ್‌ಡಿವಿಐ ಗ್ರಾಫ್ ಕೇಳಬಹುದು. ಸರ್ವೆ ನಂಬರ್ ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಗದಿದ್ರೆ ನಮ್ಮ ರಾಜ್ಯದ ದೂರಸಂವೇದಿ ಕೇಂದ್ರ ಕೆಎಸ್‌ಆರ್‌ಎಸ್‌ಎಸಿ ಮಾಡಿರೋ ದಿಶಾಂಕ್ ಆ್ಯಪಲ್ಲಿ ಹೊಲದಲ್ಲೇ ನಿಂತು ನೋಡಬಹುದು. 2015ಕ್ಕಿಂತ ಹಿಂದಕ್ಕೆ ಹೋಗಬೇಕಂದ್ರೆ ಲ್ಯಾಂಡ್‌ಸ್ಯಾಟ್ ಇದೆ, ಅದರ ಹಳೆ ಚಿತ್ರಗಳನ್ನೆಲ್ಲ 2008ರಲ್ಲಿ ಪುಕ್ಕಟೆ ಮಾಡಿದ್ರು, ಲ್ಯಾಂಡ್‌ಸ್ಯಾಟ್-5 ಒಂದೇ 1984ರಿಂದ ಸುಮಾರು ಮೂವತ್ತು ವರ್ಷ ಕೆಲಸ ಮಾಡ್ತು. ಒಂಬತ್ತು ಗುಂಟೆ ಚುಕ್ಕಿಯಲ್ಲಿ ಸಣ್ಣ ಹಿಡುವಳಿ ಕಾಣಲ್ಲ ಅನ್ನೋದು ಬಿಟ್ರೆ ನಮ್ಮ ಅಪ್ಪಂದಿರ ಕಾಲದ ಗದ್ದೆಬಯಲು ಹೇಗಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ತೊಡಕು ಮಳೆಗಾಲದ್ದು. ಜೂನಿಂದ ಸೆಪ್ಟೆಂಬರ್ ತನಕ ಮೋಡ, ಐದು ದಿನಕ್ಕೊಮ್ಮೆ ಬಂದ್ರೂ ಚಿತ್ರದಲ್ಲಿ ಬಿಳಿ ಬಿಟ್ಟು ಏನೂ ಇರಲ್ಲ, ಭದ್ರಾವತಿ ತರೀಕೆರೆ ಕಡೆಗಂತೂ ಕೇಳೋದೇ ಬೇಡ. ನಾಟಿ ಆಗೋದೂ ಅದೇ ಹೊತ್ತಲ್ಲಿ. ಇದಕ್ಕೆ ರೇಡಾರ್ ಉಪಗ್ರಹ ಬೇಕು, ಅದು ತಾನೇ ಅಲೆ ಕಳಿಸಿ ವಾಪಸ್ ಬಂದದ್ದನ್ನ ಅಳೆಯುತ್ತೆ, ಮೋಡವೂ ಅಡ್ಡ ಬರಲ್ಲ ರಾತ್ರಿಯೂ ಅಡ್ಡ ಬರಲ್ಲ. ನೀರು ಕಟ್ಟಿದ ಗದ್ದೆ ಮೇಲೆ ರೇಡಾರ್ ಅಲೆ ಬಿದ್ರೆ ಜಾರಿ ಆ ಕಡೆ ಹೋಗಿಬಿಡುತ್ತೆ, ವಾಪಸ್ ಬರಲ್ಲ, ಹಾಗಾಗಿ ಗದ್ದೆ ಕಪ್ಪಾಗಿ ಕಾಣುತ್ತೆ, ಪೈರು ಎದ್ದ ಹಾಗೆ ಬೆಳ್ಳಗಾಗ್ತಾ ಬರುತ್ತೆ. ಈ ಕಪ್ಪು-ಬಿಳುಪು ಆಟ ಭತ್ತದ ಗುರುತು, ಅಡಿಕೆಗೆ ಇದು ಬರೋಕೆ ಸಾಧ್ಯವೇ ಇಲ್ಲ. ಸೆಂಟಿನೆಲ್-1 ಇದೆ, ಇಸ್ರೋದ ಇಒಎಸ್-04 ಇದೆ, ಈಗ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಾಸಾ-ಇಸ್ರೋ ಜಂಟಿ ನಿಸಾರ್ ಕೂಡ ಇದೇ ಜಾತಿಯದು, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತೆ. ನಮ್ಮಂಥ ಮಳೆ ನಾಡಿಗೆ ನಿಜವಾಗಿ ಬೇಕಾಗಿದ್ದು ಇದೇ.

ನಂಗೆ ಇದಕ್ಕಿಂತ ಸುಲಭದ ಇನ್ನೊಂದು ದಾರಿ ಕಾಣುತ್ತೆ, ಬರಗಾಲದ ಚಿತ್ರ ನೋಡೋದು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲೂಕು ಬರಪೀಡಿತ ಅಂತ ಘೋಷಣೆ ಆಯ್ತು, ಭದ್ರಾ ನೀರಿಗಾಗಿ ದಾವಣಗೆರೆಯಲ್ಲಿ ಹೋರಾಟಗಳಾದವು. ನಾಲೆಯಲ್ಲಿ ನೀರಿಲ್ಲ ಅಂದ್ರೆ ಭತ್ತದ ಗದ್ದೆ ಬೀಳು ಬೀಳುತ್ತೆ, ಚಿತ್ರದಲ್ಲಿ ಕಂದು. ಅಂಥಾ ಬೇಸಿಗೆಯಲ್ಲೂ ಹಸಿರಾಗಿ ಉಳಿದಿರೋ ಚೌಕಗಳು ಏನು? ಬಹುಪಾಲು ತೋಟಗಳು, ಬೋರ್‌ವೆಲ್ ನೀರಲ್ಲೋ ಟ್ಯಾಂಕರ್ ನೀರಲ್ಲೋ ಹೊಳೆಗೆ ಮೋಟಾರ್ ಇಟ್ಟೋ ಉಳಿಸ್ಕೊಂಡಿರೋವು. ಕಬ್ಬು, ತೆಂಗು ಸ್ವಲ್ಪ ಸೇರಿಕೊಳ್ಳುತ್ತೆ ನಿಜ. ಆದ್ರೂ ಒಳ್ಳೆ ಮಳೆ ವರ್ಷದಲ್ಲಿ ಎಲ್ಲ ಹಸಿರಾಗಿ ಗೊಂದಲ ಮಾಡೋದಕ್ಕಿಂತ ಬರದ ವರ್ಷದ ಮಾರ್ಚ್ ತಿಂಗಳ ಒಂದು ಚಿತ್ರ ಜಾಸ್ತಿ ಹೇಳುತ್ತೆ.

ನೀರಿನ ಪ್ರಶ್ನೆಯೂ ಇಲ್ಲೇ ಇರೋದು. ಅಡಿಕೆ ಬಂದು ನೀರೆಲ್ಲ ಕುಡೀತು ಅಂತ ಒಂದು ಮಾತಿದೆ, ಲೆಕ್ಕ ಹಾಕಿದ್ರೆ ಅಷ್ಟು ಸರಳ ಇಲ್ಲ. ಅಡಿಕೆಯನ್ನ ಶಿಫಾರಸಿನಂತೆ ಒಂಬತ್ತು ಅಡಿ ಅಂತರದಲ್ಲಿ ಹಾಕಿದ್ರೆ ಎಕರೆಗೆ ಸುಮಾರು 550 ಗಿಡ, ಡ್ರಿಪ್ಪಲ್ಲಿ ಬೇಸಿಗೆ ದಿನಕ್ಕೆ ಗಿಡವೊಂದಕ್ಕೆ 16ರಿಂದ 20 ಲೀಟರ್, ಅಂದ್ರೆ ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರ್ ಆಸುಪಾಸು, ಡಿಸೆಂಬರಿಂದ ಮೇ ತನಕ ಆರು ತಿಂಗಳು ಕೊಟ್ರೂ 18 ಲಕ್ಷ ಲೀಟರ್. ಒಂದು ಎಕರೆ ಬೇಸಿಗೆ ಭತ್ತಕ್ಕೆ 1,200 ಮಿಲಿಮೀಟರ್ ನೀರು ಹಿಡಿದ್ರೂ 48 ಲಕ್ಷ ಲೀಟರ್ ಮೇಲಾಗುತ್ತೆ. ಒಟ್ಟು ಲೆಕ್ಕದಲ್ಲಿ ಡ್ರಿಪ್ ಹಾಕಿದ ಅಡಿಕೆ ಭತ್ತಕ್ಕಿಂತ ಕಡಿಮೆ ನೀರಿನದೇ. ನಾಲೆ ನೀರು ಹಾಯಿಸಿ ತೋಟ ತುಂಬಿಸೋರದ್ದು ಬೇರೆ ಲೆಕ್ಕ, ಅದು ಬಹಳ ಜಾಸ್ತಿ ಆಗುತ್ತೆ.

ವ್ಯತ್ಯಾಸ ಇರೋದು ನೀರು ಯಾವಾಗ ಬೇಕು ಅನ್ನೋದರಲ್ಲಿ. ಡ್ಯಾಮ್ ತುಂಬದ ವರ್ಷ ಬೇಸಿಗೆ ಭತ್ತ ಬಿಟ್ಟುಬಿಡಬಹುದು, ನಷ್ಟ ಆಗುತ್ತೆ, ಸಾಲ ಆಗುತ್ತೆ, ಆದ್ರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಅಡಿಕೆಗೆ ಈ ವರ್ಷ ರಜೆ ಅನ್ನೋ ಹಾಗಿಲ್ಲ, ಐದಾರು ವರ್ಷ ಕಾದು ಬೆಳೆಸಿದ ಮರ ಒಂದು ಬೇಸಿಗೆಯಲ್ಲಿ ಸುಳಿ ಒಣಗಿದ್ರೆ ಮುಗೀತು. ಅದಕ್ಕೇ 2024ರ ಬೇಸಿಗೆಯಲ್ಲಿ ಜನ ಸಾಲ ಮಾಡಿ ಟ್ಯಾಂಕರಲ್ಲಿ ತೋಟಕ್ಕೆ ನೀರು ಹೊಡೆಸಿದ್ದು, ಹೊಸ ಬೋರ್ ಮೇಲೆ ಬೋರ್ ಕೊರೆಸಿದ್ದು. ಬರದ ವರ್ಷದಲ್ಲೂ ಬಿಡೋಕಾಗದ ನೀರಿನ ಬೇಡಿಕೆ ಅಚ್ಚುಕಟ್ಟಲ್ಲಿ ಪ್ರತಿ ವರ್ಷ ಏರ್ತಾ ಇದೆ, ಹೊಂದಾಣಿಕೆ ಮಾಡ್ಕೊಳ್ಳೋ ಭತ್ತದ ಪಾಲು ಇಳೀತಾ ಇದೆ. ಅಂಥಾ ವರ್ಷ ಬಂದಾಗ ಹೊಂದಾಣಿಕೆ ಮಾಡ್ಕೋಬೇಕಾಗಿ ಬರೋದು ಯಾರು? ಮಲೇಬೆನ್ನೂರು, ಹರಿಹರ ಕೊನೆಭಾಗದ ಭತ್ತದ ರೈತ. ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಡ್ಯಾಮ್ ಎಷ್ಟು ಅಡಿ ಇದೆ, ಎಷ್ಟು ಟಿಎಂಸಿ ಇದೆ, ಎಷ್ಟು ದಿನ ಬಿಡೋಣ, ಎಷ್ಟು ದಿನ ನಿಲ್ಲಿಸೋಣ ಅಂತ ಗಂಟೆಗಟ್ಟಲೆ ಮಾತಾಗುತ್ತೆ. ಯಾವ ಉಪನಾಲೆ ಕೆಳಗೆ ತೋಟ ಎಷ್ಟು, ಗದ್ದೆ ಎಷ್ಟು ಅನ್ನೋ ಈ ವರ್ಷದ ನಕ್ಷೆಯನ್ನ ರೈತರ ಮುಂದೆ ಹರಡಿ ಆ ಮಾತು ಆಡಿದ್ರೆ ಜಗಳದ ಅರ್ಧ ಭಾಗ ಊಹೆ ಮೇಲೆ ನಡೆಯೋದು ತಪ್ಪುತ್ತೆ.

ಆದ್ರೆ ನಕ್ಷೆ ಬಂದ ಕೂಡಲೇ ಅದು ಸತ್ಯ ಅಂತ ಕಣ್ಣು ಮುಚ್ಚಿ ನಂಬಬಾರದು, ಇದನ್ನ ಸ್ವಲ್ಪ ಬಿಡಿಸಿ ಹೇಳಲೇಬೇಕು. ಇಂಥಾ ವರದಿಗಳಲ್ಲಿ ನಕ್ಷೆ 90 ಪರ್ಸೆಂಟ್ ನಿಖರ ಅಂತ ಬರೆದಿರ್ತಾರೆ, ಓದಿದವರು ಭಾರಿ ಆಯ್ತು ಅಂದ್ಕೊಳ್ತಾರೆ. ಒಂದು ಊರಲ್ಲಿ ಸಾವಿರ ತಾಕು ಇದೆ, ಅದರಲ್ಲಿ 950 ಗದ್ದೆ, 50 ಹೊಸ ತೋಟ ಅಂತ ಇಟ್ಕೊಳಿ. 90 ಪರ್ಸೆಂಟ್ ನಿಖರ ಅಂದ್ರೆ 50 ತೋಟದಲ್ಲಿ 45 ಸರಿಯಾಗಿ ತೋಟ ಅಂತ ಗುರುತಾಯ್ತು. ಆದ್ರೆ 950 ಗದ್ದೆಯಲ್ಲಿ ಹತ್ತನೇ ಒಂದು ಪಾಲು, 95 ಗದ್ದೆ, ತಪ್ಪಾಗಿ ತೋಟ ಅಂತ ಬಂತು. ನಕ್ಷೆ ಪ್ರಕಾರ 140 ತೋಟ, ನಿಜವಾಗಿ ಇರೋದು 50! ಸುಮಾರು ಮೂರು ಪಟ್ಟು ಜಾಸ್ತಿ ಹೇಳಿದಂಗಾಯ್ತು, ಮರುದಿನ ಪೇಪರಲ್ಲಿ ಹೆಡ್‌ಲೈನ್. ಎರಡು ವರ್ಷದ ನಕ್ಷೆ ಪಕ್ಕಪಕ್ಕ ಇಟ್ಟು ಬದಲಾವಣೆ ಹುಡುಕಿದ್ರೆ ಇನ್ನೂ ಕಷ್ಟ, ಒಂದೊಂದೂ 90 ಪರ್ಸೆಂಟ್ ಸರಿ ಇದ್ರೆ ಎರಡೂ ಒಟ್ಟಿಗೆ ಸರಿ ಇರೋದು 81 ಪರ್ಸೆಂಟ್ ಜಾಗದಲ್ಲಿ ಮಾತ್ರ, ಮಿಕ್ಕಿದ 19ರಲ್ಲಿ ಎಷ್ಟೋ ಕಡೆ ಏನೂ ಬದಲಾಗದೇ ಇದ್ರೂ ಬದಲಾದ ಹಾಗೆ ಕಾಣುತ್ತೆ. ಇದಕ್ಕೆ ಪರಿಹಾರ ಇದೆ. ಅಲ್ಲಲ್ಲಿ ಚೀಟಿ ಎತ್ತಿದ ಹಾಗೆ ಜಾಗ ಆರಿಸಿ, ನೆಲಕ್ಕೆ ಹೋಗಿ ನೋಡಿ, ನಕ್ಷೆ ಎಷ್ಟು ತಪ್ಪುತ್ತೆ ಅಂತ ಕಂಡ್ಕೊಂಡು ವಿಸ್ತೀರ್ಣವನ್ನ ತಿದ್ದಬೇಕು. ಈ ಕ್ರಮ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು, ವರದಿ ಸಚಿವರ ಟೇಬಲ್ಲಿಗೆ ಹೋಗೋ ಹೊತ್ತಿಗೆ ಒಂದೇ ಒಂದು ನಂಬರ್ ಉಳಿದಿರುತ್ತೆ.

ಅಡಿಕೆ ವಿಷಯದಲ್ಲಿ ತಪ್ಪೋಕೆ ಕಾರಣಗಳೂ ಬೇಕಾದಷ್ಟು. ಸಸಿ ನೆಟ್ಟ ಮೊದಲ ಎರಡು ವರ್ಷ ಉಪಗ್ರಹಕ್ಕೆ ಕಾಣೋದು ಸಸಿ ಅಲ್ಲ, ಮಧ್ಯದ ಬಾಳೆ, ಮೆಕ್ಕೆಜೋಳ, ಇಲ್ಲ ಬರೀ ಮಣ್ಣು. ಅಂದ್ರೆ ಇವತ್ತು ನೆಟ್ಟ ತೋಟ ನಕ್ಷೆಗೆ ಖಚಿತವಾಗಿ ಬರೋಕೆ ನಾಲ್ಕೈದು ವರ್ಷ ಹಿಡಿಯುತ್ತೆ, ನೀರಿನ ಯೋಜನೆ ಮಾಡೋರು ಇದನ್ನ ಸೇರಿಸಿ ಲೆಕ್ಕ ಹಾಕಬೇಕು. ತೆಂಗು ಅಡಿಕೆ ಎರಡೂ ವರ್ಷಪೂರ್ತಿ ಹಸಿರು, ಹತ್ತು ಮೀಟರ್ ಚುಕ್ಕಿಯಲ್ಲಿ ಬೇರೆ ಮಾಡೋದು ಕಷ್ಟ, ಬಹಳ ತೋಟದಲ್ಲಿ ಅಡಿಕೆ ಅಂಚಿಗೆ ತೆಂಗು ಇರೋದೇ ವಾಡಿಕೆ. ಕಾರ್ಟೊಸ್ಯಾಟ್-3 ಥರದ ಉಪಗ್ರಹದ ಚಿತ್ರದಲ್ಲಿ ಒಂದೊಂದು ಮರದ ಗರಿಯ ಸುತ್ತು ಎಣಿಸಬಹುದು, ಆದ್ರೆ ಅಷ್ಟು ಸೂಕ್ಷ್ಮ ಚಿತ್ರ ಎಲ್ಲರಿಗೂ ಪುಕ್ಕಟೆ ಇಲ್ಲ, 2023ರ ಬಾಹ್ಯಾಕಾಶ ನೀತಿ ಪ್ರಕಾರ 5 ಮೀಟರ್ ಮತ್ತು ಅದಕ್ಕಿಂತ ದಪ್ಪ ಚುಕ್ಕಿಯದು ಮಾತ್ರ ಸಾರ್ವಜನಿಕರಿಗೆ ಉಚಿತ. ಇನ್ನು ಸಾಗರ, ಸಿರ್ಸಿ ಕಡೆ ಕಣಿವೆಯ ಹಳೆ ತೋಟಗಳು, ಸುತ್ತ ಬೆಟ್ಟ, ಅದರ ನೆರಳು, ಮೇಲೆ ಕಾಡುಮರ. ಅಲ್ಲಿ ತೋಟ ಎಲ್ಲಿ ಮುಗೀತು ಕಾಡು ಎಲ್ಲಿ ಶುರುವಾಯ್ತು ಅಂತ ಉಪಗ್ರಹದಿಂದ ಹೇಳೋದು ಬಯಲುಸೀಮೆಗಿಂತ ಬಹಳ ಕಷ್ಟದ ಕೆಲಸ.

ಹಂಗಂತ ನಾವು ಈ ವಿದ್ಯೆಗೆ ಹೊಸಬರಲ್ಲ. ನಮ್ಮ ದೇಶದಲ್ಲಿ ದೂರಸಂವೇದಿ ಪ್ರಯೋಗ ಶುರುವಾಗಿದ್ದೇ ಒಂದು ತೋಟದ ಬೆಳೆಯಿಂದ, 1970ರ ಸುಮಾರಿಗೆ ವಿಜ್ಞಾನಿ ಪ್ರೊ. ಪಿಷಾರಟಿ ಅವರ ತಂಡ ಕೇರಳದ ತೆಂಗಿನ ರೋಗ ಗುರುತಿಸೋಕೆ ಹೆಲಿಕಾಪ್ಟರಿಂದ ಇನ್ಫ್ರಾರೆಡ್ ಫಿಲ್ಮಲ್ಲಿ ಫೋಟೋ ತೆಗೆದದ್ದು. 1988ರ ಮಾರ್ಚಲ್ಲಿ ನಮ್ಮದೇ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹೋಯ್ತು. ಬೆಳೆ ಅಂದಾಜಿಗೆ ಅಂತಲೇ ದೆಹಲಿಯಲ್ಲಿ 2012ರಿಂದ ಮಹಲನೋಬಿಸ್ ಕೇಂದ್ರ ಇದೆ. ತಂತ್ರ, ಜನ, ಉಪಗ್ರಹ ಮೂರೂ ನಮ್ಮಲ್ಲಿವೆ.

ಕೊರತೆ ಇರೋದು ಇದನ್ನ ಪಹಣಿ ಜೊತೆ ಕೂಡಿಸೋದರಲ್ಲಿ. ಪಹಣಿಯ ಬೆಳೆ ಕಾಲಂ ಮೊದಲು ಗ್ರಾಮ ಲೆಕ್ಕಿಗರು ಕೂತಲ್ಲೇ ತುಂಬ್ತಿದ್ರು ಅನ್ನೋ ದೂರು ಎಲ್ಲ ಕಡೆ ಇತ್ತು. 2017ರಿಂದ ರಾಜ್ಯದಲ್ಲಿ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ಬಂತು, 2020ರಲ್ಲಿ ರೈತರೇ ತಮ್ಮ ಹೊಲದಲ್ಲಿ ನಿಂತು ಫೋಟೋ ಹಾಕೋ ಅವಕಾಶ ಕೊಟ್ರು, ಉಳಿದದ್ದನ್ನ ಊರಿನ ಪಿಆರ್, ಅಂದ್ರೆ ಸಮೀಕ್ಷೆಗೆ ಅಂತ ತಗೊಂಡ ಖಾಸಗಿ ನಿವಾಸಿ ಹುಡುಗರು ಮಾಡ್ತಾರೆ. ಇದು ನಿಜಕ್ಕೂ ದೊಡ್ಡ ಕೆಲಸ, ಒಂದೊಂದು ಫೋಟೋಗೂ ಜಾಗದ ಗುರುತು ಇದೆ. ನನ್ನ ಮಾತು ಏನಂದ್ರೆ, ಉಪಗ್ರಹ ನಕ್ಷೆಗೆ ಬೇಕಾದ ನೆಲದ ಸಾಕ್ಷಿ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಗಲ್ಲ, ಸರ್ವೆ ನಂಬರ್ ಸರ್ವೆ ನಂಬರಿಗೆ ಫೋಟೋ ಇದೆ. ಫೋಟೋ ಗದ್ದೆ ಅನ್ನುತ್ತೆ, ಗ್ರಾಫ್ ಸಪಾಟು ಇದೆ ಅಂದ್ರೆ ಅಲ್ಲಿಗೆ ಒಬ್ಬರು ಹೋಗಿ ನೋಡ್ಲಿ. ಬೆಳೆವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ಬಂದ ಬೆಳೆ ಇನ್ನೊಂದು ಅಂತಾಗಿ ಪರಿಹಾರ ಸಿಗದೇ ಅಲೆದಾಡೋ ರೈತರು ಪ್ರತಿ ವರ್ಷ ಇರ್ತಾರೆ, ಅಂಥವರಿಗೆ ಐದು ದಿನಕ್ಕೊಂದು ಚುಕ್ಕಿ ಇರೋ ಗ್ರಾಫ್ ಗಟ್ಟಿ ಸಾಕ್ಷಿ ಆಗಬಹುದು. ಫಸಲ್ ಬಿಮಾದಲ್ಲಿ 2023ರ ಮುಂಗಾರಿಂದ ಭತ್ತ ಮತ್ತು ಗೋಧಿ ಇಳುವರಿ ಲೆಕ್ಕಕ್ಕೆ ಕನಿಷ್ಠ 30 ಪರ್ಸೆಂಟ್ ತೂಕ ತಂತ್ರಜ್ಞಾನದ ಅಂದಾಜಿಗೆ ಕೊಡಬೇಕು ಅಂತ ಆಗಿದೆ. ಒಳ್ಳೆಯದೇ, ಆದ್ರೆ ಆ ಅಂದಾಜು ನನ್ನ ಪಂಚಾಯ್ತಿಗೆ ಎಷ್ಟು ಬಂತು, ಯಾವ ದಿನದ ಚಿತ್ರದ ಮೇಲೆ ಬಂತು ಅಂತ ರೈತ ನೋಡೋ ಹಾಗಿರಬೇಕು. ನೋಡೋಕೆ ಸಿಗದ ಲೆಕ್ಕವನ್ನ ಪ್ರಶ್ನೆ ಮಾಡೋದು ಹೇಗೆ?

ಇಲ್ಲಿ ಹೆದರಿಕೆಯೂ ಇದೆ, ತೋಟ ಮಾಡಿದ ಯಾರನ್ನ ಕೇಳಿದ್ರೂ ಹೇಳ್ತಾರೆ, ಇದನ್ನೇ ಇಟ್ಕೊಂಡು ನಾಳೆ ನಮ್ಮ ನೀರು ಕಟ್ ಮಾಡ್ತಾರೆ ಅಂತ. ಆ ಹೆದರಿಕೆಯನ್ನ ತಳ್ಳಿಹಾಕೋ ಹಾಗಿಲ್ಲ. ಪಂಜಾಬಲ್ಲಿ ಭತ್ತದ ಕೂಳೆ ಸುಡೋದನ್ನ ಉಪಗ್ರಹದಿಂದ ಹಿಡಿದು, ದಂಡ ಹಾಕಿ, ಜಮೀನಿನ ದಾಖಲೆಯಲ್ಲಿ ಕೆಂಪು ಗುರುತು ಹಾಕೋ ಪದ್ಧತಿ ಬಂತು. ಬೆಂಕಿ ಎಣಿಸೋ ಉಪಗ್ರಹ ಹಾದು ಹೋಗೋದು ಮಧ್ಯಾಹ್ನ ಒಂದೂವರೆ ಹೊತ್ತಿಗೆ. 2024ರಲ್ಲಿ ನಾಸಾದ ವಿಜ್ಞಾನಿಯೊಬ್ಬರು ಒಂದೇ ಕಡೆ ನಿಂತು ದಿನಪೂರ್ತಿ ನೋಡೋ ಕೊರಿಯಾದ ಉಪಗ್ರಹದ ಚಿತ್ರ ಇಟ್ಟು ತೋರಿಸಿದ್ರು, ಬೆಂಕಿ ಹಚ್ಚೋದು ಆ ಹೊತ್ತು ಕಳೆದ ಮೇಲಕ್ಕೆ ಸರಿದಿದೆ ಅಂತ. ಲೆಕ್ಕದಲ್ಲಿ ಬೆಂಕಿ ಕಡಿಮೆ ಆಯ್ತು, ಹೊಗೆ ಹಾಗೇ ಇತ್ತು. ಚಿತ್ರವನ್ನ ಬರೀ ಶಿಕ್ಷೆಗೆ ಬಳಸಿದ್ರೆ ಕೊನೆಗೆ ಚಿತ್ರವೇ ಸುಳ್ಳಾಗುತ್ತೆ.

ಅರಣ್ಯ ಹಕ್ಕು ಕಾಯ್ದೆಯ ನಿಯಮದಲ್ಲಿ 2012ರಲ್ಲಿ ಒಂದು ತಿದ್ದುಪಡಿ ಆಯ್ತು, ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಆಗಬಹುದು, ಅದರ ಬದಲಿ ಅಲ್ಲ ಅಂತ. ಮಲೆನಾಡಿನವರಿಗೆ ಇದರ ಬೆಲೆ ಗೊತ್ತು, ಹಳೆ ಚಿತ್ರದಲ್ಲಿ ಮರದ ನೆರಳಲ್ಲಿ ಸಾಗುವಳಿ ಕಾಣದಿದ್ರೆ ಸಾಗುವಳಿಯೇ ಇರಲಿಲ್ಲ ಅಂತ ಬರೆಯೋದು ಎಷ್ಟು ಸುಲಭ. ಈಗ ಬಗರ್ ಹುಕುಂ ಅರ್ಜಿ ಪರಿಶೀಲನೆಗೂ ರಾಜ್ಯದಲ್ಲಿ ಉಪಗ್ರಹ ಚಿತ್ರ ನೋಡೋ ಕ್ರಮ ಬಂದಿದೆ. ಅರಣ್ಯ ಹಕ್ಕಿನ ಆ ಒಂದು ಸಾಲು ಬಗರ್ ಹುಕುಂಗೂ, ಬೆಳೆವಿಮೆಗೂ, ನೀರಿಗೂ ಅನ್ವಯ ಆಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಸಿರು ಕಂಡ ತಕ್ಷಣ ಒಳ್ಳೆಯದಾಯ್ತು ಅನ್ನೋ ಭ್ರಮೆ ಬಗ್ಗೆಯೂ ಒಂದು ಮಾತು. 2019ರಲ್ಲಿ ಬಂದ ಒಂದು ಅಧ್ಯಯನ 2000ದಿಂದ 2017ರ ಚಿತ್ರ ನೋಡಿ, ಭೂಮಿ ಹಸಿರಾಗ್ತಿದೆ, ಅದರಲ್ಲಿ ಚೀನಾ ಭಾರತ ಮುಂದಿವೆ ಅಂತ ಹೇಳಿದಾಗ ನಮ್ಮಲ್ಲಿ ಎಲ್ಲರೂ ಶೇರ್ ಮಾಡಿದ್ರು. ಅದೇ ಅಧ್ಯಯನದಲ್ಲಿ ಭಾರತದ ಆ ಹಸಿರಲ್ಲಿ 82 ಪರ್ಸೆಂಟ್ ಕೃಷಿ ಭೂಮಿಯದು ಅಂತಲೂ ಇತ್ತು. ಆ ಬೆಳೆಗೆ ನೀರು ಎಲ್ಲಿಂದ ಬಂತು? ಗ್ರೇಸ್ ಅನ್ನೋ ಇನ್ನೊಂದು ಜೋಡಿ ಉಪಗ್ರಹ ಗುರುತ್ವದ ವ್ಯತ್ಯಾಸ ಅಳೆದು, ರಾಜಸ್ಥಾನ ಪಂಜಾಬ್ ಹರಿಯಾಣ ದೆಹಲಿ ಪ್ರದೇಶದಲ್ಲಿ 2002ರಿಂದ 2008ರ ಒಳಗೆ 109 ಘನ ಕಿಲೋಮೀಟರ್ ಅಂತರ್ಜಲ ಖಾಲಿ ಆಯ್ತು ಅಂತ ತೋರಿಸಿತ್ತು. ಮೇಲೆ ಹಸಿರು, ಕೆಳಗೆ ಖಾಲಿ, ಎರಡೂ ಒಂದೇ ಕಾಲದಲ್ಲಿ ಆಗಬಹುದು. ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ತೋಟಗಳ ಹಸಿರನ್ನ ನೋಡುವಾಗ ಪಕ್ಕದಲ್ಲೇ ಬೋರ್ ಆಳದ ಲೆಕ್ಕವೂ ಇರಬೇಕು, ಒಂದೇ ನೋಡಿದ್ರೆ ಮೋಸ.

ಹಾಗಾಗಿ ನಾನು ಕೇಳೋದು ದೊಡ್ಡದಲ್ಲ. ಭದ್ರಾ ಕಾಡಾ, ಅಂದ್ರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿ, ವರ್ಷಕ್ಕೆ ಎರಡು ಸಲ, ಮಳೆಗಾಲದ ಬೆಳೆಗೆ ನೀರು ಬಿಡೋ ಮುಂಚೆ ಒಂದು, ಜನವರಿ ಮುಂಚೆ ಒಂದು, ಉಪನಾಲೆವಾರು ಗದ್ದೆ-ತೋಟದ ನಕ್ಷೆ ಪ್ರಕಟ ಮಾಡ್ಲಿ, ಆನವೇರಿ, ದಾವಣಗೆರೆ, ಮಲೇಬೆನ್ನೂರು ಒಂದೊಂದು ಶಾಖಾ ನಾಲೆಗೂ ಬೇರೆ ಬೇರೆ. ಅದರಲ್ಲಿ ಯಾರ ಹೆಸರೂ ಬೇಡ, ಸರ್ವೆ ನಂಬರೂ ಬೇಡ, ಎಷ್ಟು ಎಕರೆ ಮತ್ತು ಅದು ಎಷ್ಟು ಹೆಚ್ಚು ಕಡಿಮೆ ಇರಬಹುದು ಅನ್ನೋದು ಇದ್ರೆ ಸಾಕು. ನೆಲದ ಪರಿಶೀಲನೆಗೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಇದ್ದಾರೆ, ಕತ್ತಲಗೆರೆ ಸಂಶೋಧನಾ ಕೇಂದ್ರ ಅಚ್ಚುಕಟ್ಟಿನ ಮಧ್ಯದಲ್ಲೇ ಇದೆ. ನೀರು ಬಳಕೆದಾರರ ಸಂಘದವರೂ ಜೊತೆಗೆ ಹೋಗ್ಲಿ, ನಕ್ಷೆ ತಪ್ಪಿದ ಕಡೆ ಅಲ್ಲೇ ನಿಂತು ತಿದ್ದಿಸ್ಲಿ. ತೋಟದವರಿಗೆ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಎಷ್ಟು ನೀರು, ಡ್ರಿಪ್ ಇಲ್ಲದವರಿಗೆ ಏನು, ಕೊನೆಭಾಗದ ಗದ್ದೆಗೆ ಮೊದಲ ಪಾಲು ಯಾವಾಗ ಅನ್ನೋ ಚೌಕಾಸಿ ಆಮೇಲೆ ಹೇಗೂ ನಡೆಯುತ್ತೆ, ನಡೀಬೇಕು. ಆ ಸಭೆಗೆ ಹೋಗುವಾಗ ಮಲೇಬೆನ್ನೂರಿನವರ ಕೈಯಲ್ಲೂ ಚನ್ನಗಿರಿಯವರ ಕೈಯಲ್ಲೂ ಒಂದೇ ನಕ್ಷೆ ಇರಲಿ ಅಂತಷ್ಟೇ.